ನಾನು ಅಳಿಸಿದ ನಾಲ್ಕು ಸಾಲು

ರತ್ನಾ, ಆ ನಾಲ್ಕು ಸಾಲುಗಳನ್ನು ಅಳಿಸಿದವನು ನಾನು. ಅದು ಗೊತ್ತಿದ್ದೂ ತುಂಬಿದ ಸಭೆಯಲ್ಲಿ ನಿಮ್ಮನ್ನು ಎಬ್ಬಿಸಿ ನಿಲ್ಲಿಸಿದವನೂ ನಾನೇ.

ಎರಡು ಸಾವಿರದ ಇಸವಿಯ ಆಸುಪಾಸು. ಸರ್ಕಾರಿ ಶಾಲೆಗಳಿಗೆ ಕನ್ನಡದ ನಿಘಂಟು ತಂತ್ರಾಂಶವೊಂದನ್ನು ಉಚಿತವಾಗಿ ಕೊಡಬೇಕೆಂದು ನಾವು ಕೆಲವರು ಮಲ್ಲೇಶ್ವರಂನ ಮಹಡಿ ಕೋಣೆಯಲ್ಲಿ ಪ್ರತಿ ಭಾನುವಾರ ಸೇರುತ್ತಿದ್ದೆವು. ನಮ್ಮಲ್ಲಿದ್ದದ್ದು ಲಿನಕ್ಸ್ ಯಂತ್ರ, ಶಾಲೆಗಳಲ್ಲಿದ್ದದ್ದು ವಿಂಡೋಸ್. ಇಲ್ಲಿ ಕುಳಿತು ಅಲ್ಲಿ ಓಡುವ ಪ್ರೋಗ್ರಾಂ ಕಟ್ಟುವಾಗ ಪ್ರತಿ ಫೈಲಿನ ವಿಳಾಸವನ್ನೂ ಬದಲಿಸಬೇಕು — ಅತ್ತ ವಾಲಿದ ಓರೆಗೆರೆಯನ್ನು ಇತ್ತ ವಾಲಿಸಬೇಕು, ಮೊದಲಿಗೆ ಡ್ರೈವಿನ ಅಕ್ಷರ ಸೇರಿಸಬೇಕು. ಆ ಭಾಗವನ್ನು ಬರೆದವನು ನಾನು. ಅದು ಎಲ್ಲ ವಿಳಾಸಗಳಿಗೂ ಕಣ್ಣು ಮುಚ್ಚಿ 'ಸಿ' ಡ್ರೈವನ್ನೇ ಅಂಟಿಸುತ್ತಿತ್ತು.

ಕಲಾಸಿಪಾಳ್ಯದ ತರಕಾರಿ ವ್ಯಾಪಾರಿಯ ಮಗಳು ನೀವು. ಶ್ರೀರಾಂಪುರದಿಂದ ನಡೆದೇ ಬರುತ್ತಿದ್ದಿರಿ. ಓದು ಪಿಯುಸಿಗೇ ನಿಂತಿತ್ತು. ಶಿಕ್ಷಕರಿಗೆ ತಂತ್ರಾಂಶ ಕಲಿಸುವ ಒಂದೇ ಒಂದು ಹುದ್ದೆ ನಿಮಗೆಂದು ಮಾತಾಗಿತ್ತು — ಅದು ಕೈಗೆ ಬಂದರೆ ಸಂಜೆ ಕಾಲೇಜು ಸೇರುವವರಿದ್ದಿರಿ.

"ಸರ್, ಕೆಲವು ಶಾಲೇಲಿ 'ಡಿ'ಗೆ ಹಾಕ್ಕೊಂಡಿರ್ತಾರೆ. ತಾನೆಲ್ಲಿದೀನಿ ಅಂತ ಪ್ರೋಗ್ರಾಂ ತಾನೇ ನೋಡ್ಕೊಳ್ಳಲಿ ಬಿಡಿ," ಎಂದು ನಾನು ಬರೆದ ಭಾಗಕ್ಕೆ ನಾಲ್ಕು ಸಾಲು ಸೇರಿಸಿದಿರಿ. ಸರಿಯಾಗಿತ್ತು. ಸರಿಯಾಗಿದ್ದದ್ದೇ ನನಗೆ — ನನ್ನದನ್ನು ನೀವು ತಿದ್ದುವುದೆಂದರೆ... ಶಿಕ್ಷಕರಿಗೆ ತಂತ್ರಾಂಶ ತೋರಿಸುವ ಪ್ರದರ್ಶನದ ಹಿಂದಿನ ದಿನ ಅವನ್ನು ತೆಗೆದುಹಾಕಿದೆ. ಹೇಳಲಿಲ್ಲ. ಕಂಪೈಲ್ ಮಾಡಿ ಕೊನೆಯ ಪ್ರೋಗ್ರಾಂ ಕಟ್ಟಲು ನಿಮ್ಮ ಕೈಗೇ ಕೊಟ್ಟೆ.

ಬಸವನಗುಡಿಯ ಶಾಲೆಯಲ್ಲಿ, ಕೋಣೆ ತುಂಬ ಕುಳಿತಿದ್ದ ಶಿಕ್ಷಕರೆದುರು, ಪರದೆಯ ಮೇಲೆ ಬಂದದ್ದು ಒಂದೇ ಮಾತು: ಫೈಲ್ ಸಿಗಲಿಲ್ಲ. ಅಲ್ಲಿ ನಿಘಂಟು 'ಡಿ'ಯಲ್ಲಿತ್ತು.

ನಮ್ಮಲ್ಲೊಂದು ಪದ್ಧತಿ, ನಾನೇ ಆದರ್ಶವೆಂದು ತಂದದ್ದು. ತಪ್ಪಿದವರು ಭಾನುವಾರ ಎದ್ದು ನಿಂತು ಒಪ್ಪಿಕೊಳ್ಳಬೇಕು, ಅಲ್ಲಿಯವರೆಗೆ ಬೇರೆ ಯಾವ ವಿಷಯವೂ ಇಲ್ಲ. ನಿಮ್ಮ ಹೆಸರು ಕರೆದೆ.

"ಕೊನೇಗೆ ಕಂಪೈಲ್ ಮಾಡಿದ್ದು ನೀವು ತಾನೆ? ಹೌದು, ಇಲ್ಲ — ಎರಡರಲ್ಲೊಂದು ಹೇಳಿ."

"ಹೌದು ಸರ್, ಆದ್ರೆ ನಾನು ಹಾಕಿದ್ದ ಸಾಲು..."

"ಆದ್ರೆ ಬೇಡ. ಇದು ಬೆಂಡೆಕಾಯಿ ತೂಗೋ ಕೆಲ್ಸ ಅಲ್ಲ."

ಎಲ್ಲರೂ ನಕ್ಕರು. ಎಲ್ಲಿ ನಗಿಸಿದರೆ ಎದುರಾಳಿಯ ಮಾತು ಸಾಯುತ್ತದೆ ಎಂಬುದನ್ನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲೇ ಕಲಿತಿದ್ದೆ.

"ತೂಗೋವಾಗ ಎರಡು ತಟ್ಟೇನೂ ನೋಡ್ತೀವಿ ಸರ್," ಎಂದಿರಿ. ಆಮೇಲೆ ಮುಕ್ಕಾಲು ಗಂಟೆ ನಿಂತೇ ಇದ್ದಿರಿ. ನಾನೂ ಬಿಡಲಿಲ್ಲ. ಕೊನೆಗೆ "ನಂದೇ ತಪ್ಪು" ಎಂದು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದು ಹೋದಿರಿ. ಹುದ್ದೆ ಬೇರೊಬ್ಬರಿಗೆ ಹೋಯಿತು. ನೀವು ಮತ್ತೆ ಬರಲಿಲ್ಲ.

ಮರುದಿನವೇ ಆ ನಾಲ್ಕು ಸಾಲುಗಳನ್ನು ಮರಳಿ ಸೇರಿಸಿದೆ — ನನ್ನ ಹೆಸರಿನಲ್ಲಿ. ಇಂದಿಗೂ ಹಾಗೆಯೇ ಇವೆ.

ಮುಂದಿನ ಭಾನುವಾರ, ಈ ಪದ್ಧತಿ ಅಮಾನವೀಯ ಎಂದು ದೀರ್ಘವಾಗಿ ಮಾತನಾಡಿ ಅದನ್ನು ರದ್ದು ಮಾಡಿಸಿದೆ. ಚಪ್ಪಾಳೆ ಬಿತ್ತು. ನನ್ನ ಸರದಿ ಎಂದೂ ಬಾರದಿರಲೆಂದು ಮಾಡಿದ್ದು — ಯಾರಿಗೂ ಹೊಳೆಯಲಿಲ್ಲ. ಆ ಕೋಣೆಯಲ್ಲಿ ತಪ್ಪೊಪ್ಪಿಕೊಳ್ಳಲು ಕೊನೆಯದಾಗಿ ಎದ್ದು ನಿಂತವರು ನೀವು, ತಪ್ಪನ್ನೇ ಮಾಡದವರು. ನಾನು ಇಂದಿಗೂ ಕುಳಿತೇ ಇದ್ದೇನೆ.