ಗೋಡೆಯಾಚೆಯ ರೊಟ್ಟಿ ಸಪ್ಪಳ

ಬೆಟಗೇರಿಯ ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದುದೇ ಪಕ್ಕದ ಮನೆಯ ಅಕ್ಕ ರೊಟ್ಟಿ ಬಡಿಯುವ ಸಪ್ಪಳದಿಂದ. ಪೋಲಿಯೊದಿಂದ ಅವಳ ಎರಡೂ ಕಾಲು ಸೋತಿದ್ದವು. ಆ ಬಲವೆಲ್ಲ ತೋಳಿಗೆ ಬಂದಿತ್ತು. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಅವಳ ಕಡಕ್ ರೊಟ್ಟಿಯೇ ಆಗಬೇಕು.

"ಅಕ್ಕಾ, ಒಂದು ಬೋರ್ಡ್ ಹಾಕಸು" ಎಂದರೆ, "ಬೋರ್ಡ್ ಯಾಕ ಬೇಕವಾ? ಸಪ್ಪಳ ಐತೆಲ್ಲ" ಎನ್ನುತ್ತಿದ್ದಳು.

ಖರೆ ಕಾರಣ ಅಂಜಿಕೆ. ಅಂಗವಿಕಲರ ಮಾಸಾಶನಕ್ಕೆ ಅವಳು 'ಪಗಾರ' ಅನ್ನುತ್ತಿದ್ದಳು. ತಾನು ದುಡಿಯುವುದು ಗೊತ್ತಾದರೆ ಅದು ನಿಂತೀತೆಂದು, ಗುರುತಿಲ್ಲದವರು ಬಾಗಿಲಿಗೆ ಬಂದರೆ ಸಾಕು, ಬಡಿಯುವ ಕೈ ನಿಲ್ಲಿಸುತ್ತಿದ್ದಳು. ಸಪ್ಪಳ ನಿಂತಿತೆಂದರೆ ಹೊಸಬರು ಬಂದಿದ್ದಾರೆಂದು ಓಣಿಗೆಲ್ಲ ತಿಳಿಯುತ್ತಿತ್ತು.

ಒಮ್ಮೆ ಮಾಸಾಶನದ ತಪಾಸಣೆಗೆ ಕಚೇರಿಯಿಂದ ಒಬ್ಬರು ಬಂದರು. ನಾನು ರೊಟ್ಟಿ ಒಯ್ಯಲು ಅಲ್ಲೇ ಕುಳಿತಿದ್ದೆ. ಅಕ್ಕ ಹಿಟ್ಟಿನ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಕೆಲಸ ಏನ್ ಮಾಡ್ತೀರಿ?"

"ನನ್ನಂಥಾಕಿ ಏನ್ ಮಾಡ್ಲಿರಿ? ಸುಮ್ನ ಕುಂತಿರ್ತೀನ್ರಿ."

ಅವರು ಒಲೆಯ ಕಡೆ ನೋಡಿದರು. "ಅದಿರ್ಲಿ, ಹಂಚಿನ ಮ್ಯಾಲೆ ರೊಟ್ಟಿ ಹೊತ್ತಾಕತ್ತೈತಿ. ಮೊದ್ಲ ತಿರುವಿ ಹಾಕ್ರಿ, ಅಕ್ಕಾರ."

ಅಕ್ಕ ತಿರುವಿ ಹಾಕಿದಳು. ಪಗಾರ ನಿಲ್ಲಲಿಲ್ಲ, ಅಂಜಿಕೆ ನಿಂತಿತು.

ಈಗ ಅವಳು ಮುಂಡರಗಿಯಲ್ಲಿ, ತಮ್ಮನ ಮನೆಯ ಮುಂದೆ ಸ್ವಂತ ಅಂಗಡಿ ಹಾಕಿದ್ದಾಳೆ. ದೊಡ್ಡ ಬೋರ್ಡೂ ಇದೆಯಂತೆ. ಕೇಳಿ ಖುಷಿಯಾಯಿತು. ಆದರೂ ಬೆಳಿಗ್ಗೆ ಎಚ್ಚರವಾದಾಗ ಗೋಡೆಯಾಚೆ ಸದ್ದು ಕೇಳದೆ, ಹಳೆಯ ರೂಢಿಯಂತೆ, ಯಾರೋ ಹೊಸಬರು ಬಂದಿರಬೇಕು ಅಂದುಕೊಳ್ಳುತ್ತೇನೆ. ಅವರು ಎದ್ದು ಹೋಗಲಿ ಎಂದು ಕಾಯುತ್ತಾ ಹಾಗೇ ಮಲಗಿರುತ್ತೇನೆ.