ಬೇಡ ಎನ್ನಲಾರದ ಚಹಾ

ಮಾನ್ವಿಯ ಆಶಾ ಕಾರ್ಯಕರ್ತೆ ಶಶಿಕಲಾಗೆ ಯಾರ ಮನೆಯ ಚಹಾವನ್ನೂ ಬೇಡ ಎನ್ನಲು ಬರುತ್ತಿರಲಿಲ್ಲ. ಅದು ನಾಲಿಗೆಯ ಚಪಲವಲ್ಲ. ಅವಳ ತಾಯಿ ಗೋಪಮ್ಮ ಅಂಗಳ ಗುಡಿಸಿ ನಿಂತರೆ, ಅದೇ ಮನೆಗಳವರು ತೆಂಗಿನ ಚಿಪ್ಪಿಗೆ ಮೇಲಿನಿಂದ ಚಹಾ ಹೊಯ್ಯುತ್ತಿದ್ದರು. ಈಗ ಮಗಳನ್ನು ಒಳಗೆ ಕರೆದು, ಕುರ್ಚಿ ಹಾಕಿ, ಕಪ್ಪು-ಬಸಿ ಕೈಗೆ ಕೊಡುತ್ತಾರೆ. ಬಾಣಂತಿಯನ್ನು ನೋಡಲು ಹೋದರೂ ಚಹಾ, ಲಸಿಕೆಗೆ ಕರೆಯಲು ಹೋದರೂ ಚಹಾ. ಬಿಡುವುದುಂಟೇ? ಕೊನೆಯ ಗುಟುಕಿನವರೆಗೂ ಕುಡಿದೇ ಏಳುತ್ತಿದ್ದಳು.

ಹೋದ ವರ್ಷ ಅವಳ ಮನಸ್ಸು ಕುಸಿಯಿತು. ತಲೆ ಬಾಚಿಕೊಳ್ಳಲೂ ಬೇಸರ, ಸುಮ್ಮಸುಮ್ಮನೆ ಅಳು. ಗಂಡ ಸಂಜೀವ ರಾಯಚೂರಿನ ಡಾಕ್ಟರಮ್ಮನ ಹತ್ತಿರ ಕರೆದೊಯ್ದ. ಫ್ಲುವಾಕ್ಸಮಿನ್ ಎಂಬ ಗುಳಿಗೆ ಶುರುವಾಯಿತು. ಕೆಲವು ವಾರಗಳಲ್ಲಿ ಅಳು ನಿಂತಿತು. ಆದರೆ ಎದೆ ಡವಡವ, ಕೈ ನಡುಕ, ರೆಪ್ಪೆಗೆ ರೆಪ್ಪೆ ಹತ್ತದು. ಎಲ್ಲ ಗುಳಿಗೆಯದೇ ಕಾಟವೆಂದು ಅದನ್ನು ಬಿಟ್ಟೇಬಿಡುವ ಮನಸ್ಸು ಮಾಡಿ, ಹಾಗೆ ಹೇಳಲೆಂದೇ ಮತ್ತೆ ರಾಯಚೂರಿಗೆ ಹೋದಳು.

“ದಿನಕ್ಕ ಚಹಾ ಎಷ್ಟು ಸಲ?” ಡಾಕ್ಟರಮ್ಮ ಕೇಳಿದರು.

“ಎಷ್ಟು ಮನಿಗೆ ಹೋಗ್ತೀನೋ ಅಷ್ಟು ಸಲರೀ. ಮೊದ್ಲ ಏನೂ ಆಗ್ತಿರಲಿಲ್ಲ.”

ಡಾಕ್ಟರಮ್ಮ ನಕ್ಕುಬಿಟ್ಟರು. “ಚಹಾದಾಗಿನ ಕೆಫೀನ್ ಲಗೂನ ಕರಗಾಕ ಈ ಗುಳಿಗಿ ಬಿಡಂಗಿಲ್ಲವ್ವಾ. ಮೈಯಾಗ ಕೂಡಿಕೋತ ಹೋಗ್ತದ, ಈ ಡವಡವ, ನಡುಕ ಎಲ್ಲಾ ಅದರದ. ಗುಳಿಗಿ ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ. ಮುಂಜಾನಿ ಮನ್ಯಾಗ ಅರ್ಧ ಕಪ್ ಸಾಕು.”

ಹೇಳುವುದು ಸುಲಭ. ಮರುದಿನ ಮೊದಲ ಮನೆಯೇ ಅಹಲ್ಯಾಬಾಯಿಯವರದು; ಅವರ ಸೊಸೆ ಮಹತಿ ಬಸುರಿ. ಅಹಲ್ಯಾಬಾಯಿ ಚಹಾ ತಂದರು.

“ಬ್ಯಾಡ್ರಿ ಬಾಯಾರ.” ಹೇಳುವಷ್ಟರಲ್ಲಿ ಶಶಿಕಲಾಗೆ ಬೆವರಿಳಿಯಿತು.

ಅಹಲ್ಯಾಬಾಯಿಯ ಮುಖ ಬಾಡಿತು. “ಯಾಕವಾ? ನಮ್ಮತ್ತಿ ಕಾಲದ್ದು ಇನ್ನಾ ಮನಸ್ಸಿನ್ಯಾಗ ಇಟ್ಕೊಂಡೀಯೇನ?”

ಶಶಿಕಲಾ ದಂಗಾದಳು. ಇವರು ಕೊಡದೆ ಹೋದಾರೆಂಬ ಅಂಜಿಕೆಯಲ್ಲೇ ಬೆಳೆದವಳು ಅವಳು. ತಾನು ಒಲ್ಲೆ ಎಂದಾಳೆಂಬ ಅಂಜಿಕೆ ಇವರಿಗೂ ಇದ್ದೀತೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅಯ್ಯೋ ಅನಿಸಿತು. ಒಳಗೊಳಗೇ ತುಸು ಖುಷಿಯೂ ಆಯಿತು, ಸುಳ್ಳೇಕೆ? ಊರಲ್ಲಿ ಯಾರಿಗೂ ಹೇಳದ ಮಾತು ಬಾಯಿಗೆ ಬಂತು.

“ಅದಲ್ರಿ. ಮನಸ್ಸಿನ ಬ್ಯಾನಿಗೆ ಗುಳಿಗಿ ತಗೊಳ್ಳಾಕತ್ತೀನ್ರಿ. ಅದಕ್ಕ ಚಹಾ ಒಗ್ಗಂಗಿಲ್ಲ.”

ಅಹಲ್ಯಾಬಾಯಿ ಚಹಾ ಬದಿಗಿಟ್ಟು ಅವಳ ಪಕ್ಕದಲ್ಲೇ ಕುಳಿತರು. “ಗುಳಿಗಿ ಬಿಡಬ್ಯಾಡ ಮತ್ತ. ಚಹಾ ಕುಡೀದಿದ್ರೂ ನಮ್ಮ ಮನಿಗೆ ಬರೋದು ಬಿಡಬ್ಯಾಡ.”

ಅವತ್ತು ಶಶಿಕಲಾ ಅಲ್ಲಿ, ಒಂದು ಕಪ್ ಚಹಾ ಕುಡಿಯಲು ಹಿಡಿಯುವುದಕ್ಕಿಂತ ಬಹಳ ಹೊತ್ತು ಕುಳಿತಳು.