ಛತ್ರಿ ಆಟದ ಕಾಕಾ

ಕಾಕಾನ ಮೀಸೆ ಕಪ್ಪಗಿತ್ತೋ ಬೆಳ್ಳಗಿತ್ತೋ, ಈಗ ಖಾತ್ರಿಯಾಗಿ ಹೇಳಲಾರೆ. ಪಾಳಿ ಮುಗಿಸಿ ಬರುವಾಗ ಮೀಸೆ, ಹುಬ್ಬು, ಕಿವಿಯ ಮೇಲಿನ ಕೂದಲು ಎಲ್ಲದರ ಮೇಲೂ ಹತ್ತಿಯ ಧೂಳು ಕೂತಿರುತ್ತಿತ್ತು. ನಾವಿದ್ದ ಸಾಲುಮನೆಗಳ ಚಾಳಿನ ನಲ್ಲಿಯ ಕೆಳಗೆ ತಲೆಯಿಟ್ಟು ಎದ್ದರೆ ಬೇರೆಯೇ ಮನುಷ್ಯ. ಆದರೆ ನನ್ನ ಕಣ್ಣಿಗೆ ಬರುವುದು ಆ ಬಿಳಿ ಮೀಸೆಯೇ. ಇದರಲ್ಲಿ ತಪ್ಪುತ್ತಿದ್ದರೆ ಉಳಿದದ್ದರಲ್ಲೂ ತಪ್ಪುತ್ತಿರಬಹುದು. ಅವರು ಛತ್ರಿ ಆಟ ಆಡಿದ ವರ್ಷದ ನನ್ನ ದಿನಚರಿ ತೆಗೆದು ನೋಡಿದೆ. ಆಟ ನಡೆದ ವಾರದಲ್ಲಿ ಪರೀಕ್ಷೆಯ ಚಿಂತೆ ಬಿಟ್ಟು ಬೇರೇನೂ ಬರೆದಿಲ್ಲ. ಹಾಗಾಗಿ ಇದೆಲ್ಲ ಬರೀ ನೆನಪಿನ ಮೇಲೆ ಬರೆಯುತ್ತಿರುವುದು.

ಅವರು ನಮಗೆ ರಕ್ತಸಂಬಂಧಿಯಲ್ಲ. ನನ್ನ ಸೋದರಮಾವ ಮತ್ತು ಅವರು ಗಡಹಿಂಗ್ಲಜದ ಕಡೆಯ ಒಂದೇ ಊರಿನವರು. ಇಬ್ಬರೂ ಕುರಿ ಕಾಯುವುದನ್ನು ಬಿಟ್ಟು ಇಚಲಕರಂಜಿಗೆ ಬಂದು, ಒಂದೇ ಶೆಡ್ಡಿನಲ್ಲಿ ಅಕ್ಕಪಕ್ಕದ ಮಗ್ಗ ಹಿಡಿದಿದ್ದರು. ಅಪ್ಪ ತೀರಿಕೊಂಡ ಮೇಲೆ ನಾನೂ ಅವ್ವನೂ ಮಾಮಾನ ಆಸರೆಯಲ್ಲಿ ಅದೇ ಚಾಳಿಗೆ ಬಂದೆವು. ಕೊಲ್ಹಾಪುರದಲ್ಲಿ ನನ್ನನ್ನು ಕಾಲೇಜು ಓದಿಸಿದವರು ಮಾಮಾ. ಕಥೆ ಅಂದರೇನೆಂದು ತಿಳಿಸಿದವರು ಗೋಡೆಯಾಚೆಯ ಕಾಕಾ.

ಮಗ್ಗಗಳ ಸದ್ದಿನಲ್ಲಿ ಕೂಗಿದರೂ ಕೇಳಿಸದು. ಅಲ್ಲಿ ದುಡಿಯುವವರು ದನಿಯಿಲ್ಲದೆ ಬರೀ ತುಟಿ ಆಡಿಸಿ ಮಾತಾಡುತ್ತಾರೆ, ತುಟಿ ನೋಡಿಯೇ ತಿಳಿಯುತ್ತಾರೆ. ಕಾಕಾ ಆಟ ಕಟ್ಟುತ್ತಿದ್ದದ್ದೂ ಹಾಗೆಯೇ. ಲಾಳಿ ಓಡುತ್ತಿದ್ದಂತೆ ಒಂದು ಪ್ರವೇಶವನ್ನು ಪಕ್ಕದವನಿಗೆ ತುಟಿಯಲ್ಲಿ ಹೇಳಿದರೆ, ಚಹಾದ ಹೊತ್ತಿಗೆ ಅದು ಶೆಡ್ಡಿನ ಆ ತುದಿ ಮುಟ್ಟಿರುತ್ತಿತ್ತು. ಮನೆಯಲ್ಲೂ ಅವರಿಗೆ ಅದೇ ರೂಢಿ. ಮಾತಾಡುವಾಗ ನಾನು ಅತ್ತ ತಿರುಗಿದರೆ ಗದ್ದ ಹಿಡಿದು ಇತ್ತ ತಿರುಗಿಸುತ್ತಿದ್ದರು.

"ಮಾರಿ ಇತ್ತ ಮಾಡವಾ ತಂಗೀ. ನೀ ಗ್ವಾಡಿ ನೋಡಕೋತ ಕುಂತ್ರ ನನ್ನ ಮಾತು ನಿನಗ ಹೆಂಗ ಕೇಳಿಸ್ತೈತಿ?"

ಎಪ್ಪತ್ತರ ದಶಕದ ನಡುವೆ ನಡೆದ ಮುಷ್ಕರದಲ್ಲಿ ಮಾಮಾ, ಕಾಕಾ ಇಬ್ಬರೂ ಮುಂದಿದ್ದರು. ಗೆದ್ದ ದಿನ ಮಾಮಾ ಎಣ್ಣೆ ಡಬ್ಬಿಯ ಮೇಲೆ ನಿಂತು, "ಸಂಘದ ಕುರ್ಚಿ ಯಾರಪ್ಪಂದೂ ಅಲ್ಲ, ವರ್ಷಕ್ಕೊಬ್ಬ ಕುಂದ್ರೂಣು" ಅಂದಿದ್ದರಂತೆ. ಮೊದಲ ವರ್ಷ ಮಾಮಾ ಕೂತರು. ಮರುವರ್ಷವೂ ಅವರೇ ಕೂತರು. ಆಮೇಲೆ ಯಾರೂ ಕೇಳುವುದನ್ನೇ ಬಿಟ್ಟರು. ಮಾಮಾ ಮಗ್ಗ ಬಿಟ್ಟರು, ಸ್ಕೂಟರ್ ಬಂತು, ನಾವು ಚಾಳು ಬಿಟ್ಟು ಸ್ವಂತ ಮನೆಗೆ ಹೋದೆವು. ಆ ಮನೆಯ ಫ್ಯಾನಿನ ಕೆಳಗೆ ಕೂತು ನಾನು ಕ್ರಾಂತಿಗಳ ಇತಿಹಾಸ ಓದಿದೆ, ಅವು ಕೆಡುವ ಬಗೆಯನ್ನು ಪರೀಕ್ಷೆಯಲ್ಲಿ ಬರೆದೆ. ಮನೆಯ ಬಗ್ಗೆ ಯೋಚಿಸಿದೆನೇ? ಯೋಚಿಸಿದ್ದೆ ಎಂದು ಈಗ ಅನ್ನಿಸುತ್ತದೆ. ಅನ್ನಿಸುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಎಂಬತ್ತರ ಆರಂಭದಲ್ಲಿ ಕಾಕಾ 'ಛತ್ರಿ' ಎಂಬ ಆಟ ಕಟ್ಟಿದರು. ಒಂದು ಬಿಸಿಲಿನ ರಾಜ್ಯ. ಅಲ್ಲಿ ಇರುವುದು ಒಂದೇ ಛತ್ರಿ, ಅದು ರಾಜನದು. ಒಬ್ಬ ಮುದುಕಿ ಮೊದಲು ದನಿಯೆತ್ತುತ್ತಾಳೆ. ಛತ್ರಿ ಹಿಡಿಯುವ ಆಳು ಜನರನ್ನು ಕೂಡಿಸಿ ರಾಜನನ್ನು ಓಡಿಸುತ್ತಾನೆ. ಇನ್ನು ಮೇಲೆ ಎಲ್ಲರೂ ಪಾಳಿಯ ಮೇಲೆ ನೆರಳಿಗೆ ನಿಲ್ಲುವುದು ಎಂದು ಠರಾಯಿಸುತ್ತಾರೆ. ಮೊದಲ ಪಾಳಿ ಆಳಿನದು. ಇಷ್ಟು ಸಣ್ಣ ಛತ್ರಿ ಎಲ್ಲರಿಗೂ ಸಾಲದು, ದೊಡ್ಡದು ಮಾಡೋಣ ಎನ್ನುತ್ತಾನೆ. ಜನ ಉಟ್ಟ ಬಟ್ಟೆ ಹರಿದು ಕೊಡುತ್ತಾರೆ. ಛತ್ರಿ ದೊಡ್ಡದಾದಷ್ಟೂ ಅದನ್ನು ಎತ್ತಿ ಹಿಡಿಯಲು ಹೆಚ್ಚು ಜನ ಬೇಕು, ಹಿಡಿದವರೆಲ್ಲ ಅಂಚಿನಲ್ಲಿ, ಬಿಸಿಲಲ್ಲಿ. ಕಡೆಯ ಪ್ರವೇಶದಲ್ಲಿ ಆ ಮುದುಕಿ ಬಂದು, "ನನ್ನ ಪಾಳಿ ಯಾವಾಗ್ರೀ?" ಎನ್ನುತ್ತಾಳೆ. ಆಳು ಕೇಳುತ್ತಾನೆ: "ಯಾರಿಕಿ?"

ಮುದುಕಿಯ ಪಾತ್ರ ಕಾಕಾನದು. ಶೆಡ್ಡುಗಳ ಚಿಂದಿ ಹೊಲಿದು ಮಾಡಿದ ಛತ್ರಿ ಚಾಳಿನ ಅಂಗಳ ತುಂಬುವಷ್ಟಿತ್ತು ಎಂದು ನೆನಪು. ಅವ್ವ, "ಅಷ್ಟೇನ ಇರಲಿಲ್ಲ ಬಿಡು" ಅನ್ನುತ್ತಾಳೆ.

ಆಟ ಇದ್ದದ್ದು ಸಂಘದ ವಾರ್ಷಿಕ ಸಭೆಯಲ್ಲಿ. ಅದಕ್ಕೆ ಆ ಸಲ ಶೆಡ್ಡುಗಳ ಮಾಲಕರನ್ನೂ ಕರೆದಿದ್ದರು. ಹಿಂದಿನ ವಾರ ಮಾಮಾ ತಾಲೀಮು ನೋಡಲು ಬಂದರು. ನಾನೂ ಇದ್ದೆ. ಮಾಮಾ ತೊಡೆ ತಟ್ಟಿ ನಕ್ಕರು. ಮುಗಿದ ಮೇಲೆ ಎದ್ದು ನಿಂತು, "ಭಾಳ ಛಲೋ ಆಗೈತಿ. ಕಡೇ ಪ್ರವೇಶ ಒಂದು ಬಿಟ್ಟಬಿಡ್ರಿ. ವ್ಯಾಳ್ಯಾ ಸಾಲಂಗಿಲ್ಲ" ಎಂದರು.

"ಯಾಕ ಸಾಲಂಗಿಲ್ರೀ ಸಾಹೇಬ್ರ?" ಕಾಕಾ ಕೇಳಿದರು. ಇಬ್ಬರೇ ಇದ್ದಾಗ ಮಾಮಾನನ್ನು ಅವರು 'ಲೇ' ಎಂದೇ ಕರೆಯುತ್ತಿದ್ದದ್ದು.

"ಭಾಷಣ ಅದಾವಲ್ಲೋ."

"ಹಂಗಾರ ಭಾಷಣ ಬಿಟ್ಟಬಿಡ್ರಿ. ಮಂದಿ ಹೆಂಗೂ ಅವಾಗ ಚುರಮುರಿ ತಿನ್ನಾಕ ಹೊಕ್ಕಾರ."

ಎಲ್ಲರೂ ನಕ್ಕರು. ಮಾಮಾ ನಗಲಿಲ್ಲ. "ಮಸ್ಕಿರಿ ಸಾಕು. ಮನಿ ಜಗಳ ಮಾಲಕರ ಮುಂದ ಬ್ಯಾಡ. ಕಡೇಕ ಆ ಮುದುಕಿ ಒಂದ ಮಾತಾಡಿದ್ರೂ ಪಡದಾ ಎಳಸ್ತೇನಿ, ನೋಡು."

"ಆತು," ಎಂದರು ಕಾಕಾ. "ಒಂದ ಮಾತೂ ಆಡಂಗಿಲ್ಲ. ಸಾಕಲ್ಲ?"

ಸಭೆ ಮಧ್ಯಾಹ್ನ ನಡೆಯಿತು. ಮಾಲಕರಿಗೆ ಪೆಂಡಾಲು ಹಾಕಿ ಕುರ್ಚಿ ಇಟ್ಟಿದ್ದರು. ನಮ್ಮವರು ಬಯಲಲ್ಲಿ ತಲೆಗೆ ಟವೆಲ್ ಹಾಕಿಕೊಂಡು ಕೂತಿದ್ದರು. ಆಟದ ಕಡೆಯ ಪ್ರವೇಶಕ್ಕೆ ಕಾಕಾ ಮುದುಕಿಯಾಗಿ, ಹೆಂಡತಿಯ ಹಸಿರು ಸೀರೆ ಉಟ್ಟು ಬಂದರು. ಮೈಕಿನ ಮುಂದೆ ನಿಂತು, ದನಿಯಿಲ್ಲದೆ, ಮಗ್ಗದ ಮುಂದೆ ಮಾತಾಡುವಂತೆ ತುಟಿಯಲ್ಲೇ ಇಡೀ ಪ್ರವೇಶ ಆಡಿದರು. ಯಾರೋ ಓಡಿಬಂದು ಮೈಕು ತಟ್ಟಿ ನೋಡಿದ. ಬಯಲಿನವರು ಮೊದಲು ಗೊಳ್ಳೆಂದು ನಕ್ಕರು. ನಗು ಹಿಂದಿನ ಸಾಲಿನಿಂದ ನಿಲ್ಲುತ್ತ ಬಂತು. "ಬಿಸಲು ಹಂಗ ಐತಿ, ಛತ್ರಿ ಅಷ್ಟ ಕೈ ಬದಲಾತು" ಎಂಬುದು ಮುದುಕಿಯ ಕೊನೆಯ ಮಾತು. ಆ ಮಾತು ತಾಲೀಮಿನಲ್ಲಿ ಕೇಳಿದ್ದರಿಂದ ನನಗೆ ತಿಳಿಯಿತು. ಬಯಲಿನವರು ತುಟಿಯಿಂದಲೇ ಓದಿಕೊಂಡರು.

ನಾನು ಕುರ್ಚಿಗಳ ಹಿಂದೆ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಒಬ್ಬ ಮಾಲಕ ಮಾಮಾನ ಕಡೆ ಬಾಗಿ, "ಕಾಯ್ ಮ್ಹಣತೋಯ್ ತೋ?" ಎಂದ. ಏನಂತಾನೆ ಅವನು, ಎಂದು.

ಹದಿನೈದು ವರ್ಷ ಮಗ್ಗದ ಮುಂದೆ ನಿಂತ ಮಾಮಾ ಹೇಳಿದರು: "ಕಾಹೀ ನಾಹೀ. ಮೈಕ್ ಬಂದ್ ಪಡಲಾಯ್."

ಏನೂ ಇಲ್ಲ, ಮೈಕು ಕೆಟ್ಟಿದೆ. ಈ ಮಾತು ನನ್ನ ಕಿವಿಯಿಂದಲೇ ಕೇಳಿದ್ದು. ಇದರಲ್ಲಿ ನನಗೆ ಅನುಮಾನವಿಲ್ಲ.

ಮರುವಾರ ಕಾಕಾ ಪಾಳಿಗೆ ಹೋದರೆ ಬೀಮು ಇರಲಿಲ್ಲ. ಹಾಸು ನೂಲು ಸುತ್ತಿದ ಉರುಳೆ ಅದು. ಅದಿಲ್ಲದೆ ಮಗ್ಗ ನಡೆಯದು. "ಬೀಮ್ ಬಂದ ಮ್ಯಾಲೆ ಹೇಳಿ ಕಳಸ್ತೇವಿ" ಎಂದರು. ಪಕ್ಕದ ಮಗ್ಗಗಳಿಗೆ ಬೀಮು ಇತ್ತು. ಬೇರೆ ಶೆಡ್ಡುಗಳಲ್ಲೂ ಅದೇ ಮಾತು, ಪಕ್ಕದೂರು ಕೊರೋಚಿಗೆ ಹೋದರೆ ಅಲ್ಲೂ ಅದೇ. ಕೆಲಸ ಕೊಡುವುದಿಲ್ಲ ಎಂದು ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಮಳೆಗಾಲಕ್ಕೆ ಮೊದಲು ಗಂಡ ಹೆಂಡತಿ ನೇಸರಿಯ ಬಸ್ಸು ಹತ್ತಿದರು. ಅಲ್ಲಿ ಕಾಕಾನ ತಂಗಿಯ ಮನೆಯಿತ್ತು, ಕುರಿ ಇದ್ದವು.

ಎರಡು ವರ್ಷದ ಮೇಲೆ ನಾನು ನೇಸರಿಗೆ ಹೋದೆ. ಕಬ್ಬು ಕಡಿದ ಹೊಲದಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದರು. ಕೆಮ್ಮು ಹೆಚ್ಚಾಗಿತ್ತು. ಕುಶಲ ಕೇಳುವ ಮೊದಲೇ, "ಅವತ್ತು ಅಂವ ನಕ್ನೇನು?" ಎಂದರು.

"ಯಾರ್ರೀ ಕಾಕಾ?"

"ನಿಮ್ಮ ಮಾಮಾ. ಬಿಸಲು ಕಣ್ಣಿಗೆ ಹೊಡಿಯಾಕತ್ತಿತ್ತು. ಅವನ ಮಾರಿ ನನಗ ಕಾಣ್ಲಿಲ್ಲ."

ಮೈಕು ಕೆಟ್ಟಿದೆ ಎಂದು ಮಾಮಾ ಮಾಲಕನಿಗೆ ಹೇಳಿದ್ದನ್ನು ತಿಳಿಸಿದೆ. ಕಾಕಾನ ಮುಖ ಅರಳಿತು. "ಹಂಗಂದ್ನಾ? ನೋಡು ಮತ್ತ! ಮಾಲಕರಿಗೆ ತಿಳೀಬಾರದು, ಅವಂಗ ತಿಳೀಬೇಕು ಅಂತನ ನಾ ತುಟಿಯಾಗ ಆಡಿದ್ದು. ಸಂಜೀಕ ಬಂದು ಬೈತಾನ, ಬೈಸಿಕೊಂಡು ಕೂಡಿ ಚಾ ಕುಡೀತೇವಿ ಅಂದಕೊಂಡಿದ್ದೆ." ಕುರಿಗಳ ಕಡೆ ನೋಡಿದರು. "ಬರಲಿಲ್ಲ."

"ಬೀಮ್ ಕೊಡಬ್ಯಾಡ್ರಿ ಅಂತ ಮಾಮಾನ ಹೇಳಿದ್ರೇನ್ರೀ?"

"ನಾ ಕೇಳಿಲ್ಲ. ನೀನೂ ಕೇಳಬ್ಯಾಡ ತಂಗೀ. ಹೌದಂದ್ರ ಏನ್ ಮಾಡ್ತಿ? ಅವನ ಮನ್ಯಾಗ ಉಂಡಾಕಿ ನೀ. ಮುಷ್ಕರದಾಗ ಅವನ ರೊಟ್ಟಿ ತಿಂದಾಂವ ನಾ."

ಅದೇ ಕೊನೆಯ ಭೇಟಿ. ಅವರು ತೀರಿಹೋದ ಸುದ್ದಿ ಕೊಲ್ಹಾಪುರದಲ್ಲಿದ್ದ ನನಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾಮಾ ಹೋಗಿದ್ದರು. ಹೆಣಕ್ಕೆ ಹೆಗಲು ಕೊಟ್ಟರು, ಅತ್ತರು ಎಂದು ಅವ್ವ ಹೇಳಿದಳು. ಆ ಅಳುವನ್ನು ನಾನು ನಂಬುತ್ತೇನೆ. ಅದಕ್ಕೇ ಸುಮ್ಮನಿರಲಾಗಲಿಲ್ಲ. ಕಾಕಾ ಬೇಡವೆಂದದ್ದನ್ನು ಮೀರಿ, ಆ ದೀಪಾವಳಿಯಲ್ಲಿ ಮಾಮಾ ಒಬ್ಬರೇ ಕೂತಿದ್ದಾಗ ಕೇಳಿದೆ:

"ಮಾಮಾ, ಕಾಕಾಗ ಬೀಮ್ ಕೊಡಬ್ಯಾಡ್ರಿ ಅಂತ ನೀವ ಹೇಳಿದ್ರೇನು?"

ಮಾಮಾ ನಲ್ಲಿಗೆ ನೀರು ಬಂತೇನೋ ನೋಡುತ್ತೇನೆಂದು ಎದ್ದು ಹೋದರು. 'ಇಲ್ಲ' ಎಂದಿದ್ದರೆ ಆಗಲೇ ನಂಬಿಬಿಡುತ್ತಿದ್ದೆ. ಈಗಲೂ ಹಬ್ಬಹಬ್ಬಕ್ಕೆ ಆ ಮನೆಗೆ ಹೋಗುತ್ತೇನೆ, ಎದುರಿಗೆ ಕೂತು ಉಣ್ಣುತ್ತೇವೆ. ಅವರು ಇನ್ನೂ 'ಇಲ್ಲ' ಎಂದಿಲ್ಲ.